ಉ: ಗಾರೆ ಕೆಲಸದವರು ಎಂಎಲ್‌ಎ ಎಲೆಕ್ಷನ್‌ಗೆ ನಿಲ್ಲೋಕೆ ಎಷ್ಟು ದುಡ್ಡು ಬೇಕು?

ನಿಮ್ಮ ಭಾವ ಗಾರೆ ಕೆಲಸದವರು, ಬಾಗೇಪಲ್ಲಿಯಲ್ಲಿ ಪಕ್ಷೇತರರಾಗಿ ನಿಲ್ತಾರೆ ಅಂದಿರಿ. ಠೇವಣಿ 10,000 ರೂಪಾಯಿ. ಎಸ್‌ಸಿ, ಎಸ್‌ಟಿ ಆದರೆ 5,000. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಅದು ಹೋಯಿತು. 40 ಲಕ್ಷ ಅನ್ನೋದು ಒಬ್ಬ ಅಭ್ಯರ್ಥಿ ಚುನಾವಣೆಗೆ ಮಾಡಬಹುದಾದ ಖರ್ಚಿನ ಮಿತಿ ಅಷ್ಟೇ, ಅಷ್ಟು ಇರಲೇಬೇಕು ಅಂತಲ್ಲ.

ದುಡ್ಡಿಗಿಂತ ಜಾಸ್ತಿ ತಲೆನೋವು ಸೂಚಕರದ್ದು, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ಹೆಸರು ಸೂಚಿಸೋರದ್ದು. ಪಕ್ಷೇತರರಿಗೆ ಹತ್ತು ಜನ ಬೇಕು, ಎಲ್ಲರ ವೋಟೂ ಅದೇ ಕ್ಷೇತ್ರದಲ್ಲಿರಬೇಕು. ನನ್ನ ಗೆಳೆಯನ ನಾಮಪತ್ರ ತುಂಬುವಾಗ ಒಬ್ಬರ ವೋಟು ಚಿಂತಾಮಣಿಯಲ್ಲಿದೆ ಅಂತ ಹಿಂದಿನ ರಾತ್ರಿ ಗೊತ್ತಾಯಿತು! ಮತದಾರರ ಪಟ್ಟಿ ಮುಂದಿಟ್ಟುಕೊಂಡು ಭಾಗದ ಸಂಖ್ಯೆ, ಕ್ರಮಸಂಖ್ಯೆ ಬೆರಳಿಟ್ಟು ನೋಡಿ. ಖರ್ಚಿಗೆ ಬೇರೆ ಬ್ಯಾಂಕ್ ಖಾತೆಯೂ ಬೇಕು.

ಕೂಲಿಯವರಿಗೆ ಯಾರು ವೋಟು ಹಾಕ್ತಾರೆ ಅಂತ ಸುಮ್ನೆ ಹೆದರಬೇಡಿ. ಇದೇ ಬಾಗೇಪಲ್ಲಿ 1994 ಮತ್ತು 2004ರಲ್ಲಿ ಕೂಲಿ ಕಾರ್ಮಿಕರ ಪರ ಇರೋ ಕಮ್ಯುನಿಸ್ಟ್ ಪಕ್ಷ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿಯವರನ್ನು ಗೆಲ್ಲಿಸಿದ ಊರು ಅಲ್ವಾ? ಅವರ ಬೆನ್ನಿಗೆ ಪಕ್ಷ ಇತ್ತು, ಅದು ಬೇರೆ ಮಾತು.