ಮೇನ್‌ಫ್ರೇಮ್ ಫೈಲನ್ನು ಆಸ್ಕಿಗೆ ಬದಲಿಸಿದಾಗ ಹೆಸರು ಸರಿ ಬಂದು ಮೊತ್ತ ಮಾತ್ರ ಯಾಕೆ ಕೆಡುತ್ತದೆ?

ಆ ಮೊತ್ತವನ್ನು ಅಕ್ಷರಗಳಾಗಿ ಬರೆದಿರುವುದೇ ಇಲ್ಲ, ಅದಕ್ಕೇ. ಐಬಿಎಂ ಮೇನ್‌ಫ್ರೇಮ್‌ ಎಂಬ ದೊಡ್ಡ ಕಂಪ್ಯೂಟರ್‌ಗಳು ಅಕ್ಷರಗಳಿಗೆ ಎಬ್ಸಿಡಿಕ್ ಎಂಬ ಸಂಕೇತ ಪಟ್ಟಿ ಬಳಸುತ್ತವೆ. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಎ’ 193, ಬೇರೆ ಕಂಪ್ಯೂಟರ್‌ಗಳು ಬಳಸುವ ಆಸ್ಕಿ ಪಟ್ಟಿಯಲ್ಲಿ 65. ಪರಿವರ್ತಕ ಒಂದೊಂದೇ ಬೈಟನ್ನು ಪಟ್ಟಿ ನೋಡಿ ಬದಲಿಸುತ್ತದೆ. ಹೆಸರು, ವಿಳಾಸಕ್ಕೆ ಇಷ್ಟು ಸಾಕು.

ಆದರೆ ಕೋಬಾಲ್ ಭಾಷೆಯ ಪ್ರೋಗ್ರಾಂಗಳು ಹಣದ ಮೊತ್ತವನ್ನು ಸಾಮಾನ್ಯವಾಗಿ ‘ಪ್ಯಾಕ್ಡ್ ಡೆಸಿಮಲ್’ ಆಗಿ ಇಡುತ್ತವೆ. ಒಂದು ಬೈಟ್‌ನಲ್ಲಿ ಎರಡು ಅಂಕಿ, ಕೊನೆಯ ಅರ್ಧ ಬೈಟ್‌ನಲ್ಲಿ ಪ್ಲಸ್ ಅಥವಾ ಮೈನಸ್. +12345 ಅಂದರೆ ಹೆಕ್ಸ್‌ನಲ್ಲಿ (0–9, ಎ–ಎಫ್ ಬಳಸಿ ಬೈಟ್ ಬರೆಯುವ ರೀತಿ) 12 34 5ಸಿ, ಮೂರೇ ಬೈಟ್; ಕೊನೆಯ ‘ಸಿ’ಯೇ ಪ್ಲಸ್. ಎಬ್ಸಿಡಿಕ್‌ನಲ್ಲಿ 5ಸಿ ನಕ್ಷತ್ರ ಚಿಹ್ನೆಯೂ ಹೌದು. ಪರಿವರ್ತಕ ಅದನ್ನು ಆಸ್ಕಿಯ ನಕ್ಷತ್ರವಾದ 2ಎ ಮಾಡಿಬಿಡುತ್ತದೆ. ಕೊನೆಯ 5 ಹೋಗಿ 2 ಆಯಿತು! ಯಾವ ಎರರ್ ಕೂಡ ಬರದೆ ಹೀಗಾಗಬಹುದು, ಅದೇ ಅಪಾಯ.

ಫೈಲನ್ನು ಬೈಟ್‌ಗಳನ್ನು ಬದಲಿಸದ ಬೈನರಿ ಮೋಡ್‌ನಲ್ಲೇ ತನ್ನಿ. ಯಾವ ಬೈಟ್‌ನಲ್ಲಿ ಏನಿದೆ ಎಂದು ಹೇಳುವ ಕೋಬಾಲ್ ಕಾಪಿಬುಕ್ ಇಟ್ಟುಕೊಂಡು ಅಕ್ಷರದ ಫೀಲ್ಡ್‌ಗಳನ್ನಷ್ಟೇ ಪಟ್ಟಿಯಿಂದ ಬದಲಿಸಿ. ಪ್ಯಾಕ್ ಆದ ಫೀಲ್ಡ್‌ಗಳನ್ನು ಬಿಡಿಸಿ ಅಂಕಿಗಳನ್ನು ಓದಿಕೊಳ್ಳಿ. ಕೋಡ್ ಪೇಜ್, ಅಂದರೆ ಎಬ್ಸಿಡಿಕ್ ಪಟ್ಟಿಯ ರೂಪ, ಯಾವುದೆಂದೂ ಕೇಳಿ. 037 ಮತ್ತು 500ರಲ್ಲಿ ಆಶ್ಚರ್ಯಸೂಚಕ ಚಿಹ್ನೆಯ ಜಾಗವೇ ಬೇರೆ.