ಮತದ ಹಕ್ಕಿಲ್ಲದಿದ್ದರೂ ಸಹಿಗೆ ಬೆಲೆಯುಂಟೇ?

ಪ್ರಶ್ನೆ: ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬ್ಯಾಂಕ್ ಸಾಲದ ಮೇಲೆ ಮನೆ ಕೊಂಡಿದ್ದೇವೆ. ಕ್ರಯಪತ್ರ ದಂಪತಿ ಇಬ್ಬರ ಹೆಸರಿನಲ್ಲಿದೆ. ಗ್ರೀನ್ ಕಾರ್ಡ್ ಮಾತ್ರ ಇರುವುದರಿಂದ ಮತದ ಹಕ್ಕಿಲ್ಲ. ನಮ್ಮ ಪ್ರದೇಶವನ್ನು ಪಕ್ಕದ, ಆಸ್ತಿ ತೆರಿಗೆ ಪಡೆದು ಆಸ್ಪತ್ರೆ ನಡೆಸುವ ಸ್ಥಳೀಯ ಸಂಸ್ಥೆಯಾದ ಸಾರ್ವಜನಿಕ ಆಸ್ಪತ್ರೆ ಡಿಸ್ಟ್ರಿಕ್ಟ್‌ಗೆ ಸೇರಿಸಲು ನೆರೆಯವರು ಸಹಿ ಸಂಗ್ರಹಿಸುತ್ತಿದ್ದಾರೆ. ನಮ್ಮ ಸಹಿ ನಡೆಯುತ್ತದೆಯೇ? ತೆರಿಗೆ ಎಷ್ಟು ಏರೀತು? ಆ ಡಿಸ್ಟ್ರಿಕ್ಟ್‌ನ ಹಳೆಯ ಸಾಲ ನಮ್ಮ ತಲೆಗೆ ಬರುತ್ತದೆಯೇ?

ಉತ್ತರ: ನಡೆಯುತ್ತದೆ. ಈ ಅರ್ಜಿಯಲ್ಲಿ ಲೆಕ್ಕಕ್ಕೆ ಬರುವುದು ನೆಲವೇ ಹೊರತು ತಲೆಯಲ್ಲ. ಸೇರಿಸಬೇಕೆಂದಿರುವ ಪ್ರದೇಶದ ಒಟ್ಟು ವಿಸ್ತೀರ್ಣದಲ್ಲಿ ಶೇ. 60ಕ್ಕೆ ಕಡಿಮೆಯಿಲ್ಲದಷ್ಟು ಭೂಮಿಯ ಒಡೆಯರು ಸಹಿ ಹಾಕಿರಬೇಕು ಎನ್ನುತ್ತದೆ ಆ ರಾಜ್ಯದ ಕಾನೂನು. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ದಾಖಲೆಯಲ್ಲಿ ಮಾಲೀಕರೆಂದು ನಿಮ್ಮ ಹೆಸರಿದ್ದರೆ ಸಾಕು. ಗಂಡ ಹೆಂಡತಿಯರಲ್ಲಿ ಒಬ್ಬರು ಸಹಿ ಮಾಡಿದರೂ ಆಯಿತು. ಮನೆ ಅಡಮಾನದಲ್ಲಿದ್ದರೂ ಬ್ಯಾಂಕಿನ ಒಪ್ಪಿಗೆ ಬೇಕಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ನಿಮ್ಮಂಥ ಹತ್ತಾರು ಮನೆಗಳ ಪಕ್ಕದಲ್ಲಿ ನೂರಾರು ಎಕರೆಯ ಒಬ್ಬ ಜಮೀನ್ದಾರನಿದ್ದರೆ ಅವನೊಬ್ಬನ ಸಹಿಯೇ ಅರ್ಜಿಯನ್ನು ದಡ ಸೇರಿಸಬಹುದು, ಅವನ ಮೌನವೇ ಮುಳುಗಿಸಲೂಬಹುದು. ನನಗೆ ಇದು ಅಷ್ಟೇನೂ ನ್ಯಾಯವೆನಿಸದು. ಹಾಗಾಗಿ ಅರ್ಜಿಯೊಂದಿಗಿರುವ ನಕ್ಷೆಯನ್ನು ಮೊದಲು ಕೇಳಿ ನೋಡಿ: ಗಡಿಯನ್ನು ಯಾರ ಜಮೀನಿನ ಸುತ್ತ ಎಳೆದಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಆ ಪ್ರದೇಶ ಡಿಸ್ಟ್ರಿಕ್ಟ್‌ನ ಈಗಿನ ಗಡಿಗೆ ತಾಗಿಕೊಂಡೇ ಇರಬೇಕು. ಬೇರೆ ಕೌಂಟಿಯಲ್ಲಿದ್ದರೂ ಅಡ್ಡಿಯಿಲ್ಲ.

ಅರ್ಜಿ ಹೋಗುವುದು ಡಿಸ್ಟ್ರಿಕ್ಟ್ ಆಡಳಿತಕ್ಕೆ ಮತದಾರರು ಆರಿಸಿದ ಕಮಿಷನರ್‌ಗಳ ಮುಂದೆ. ಅದನ್ನು ಕೈಗೆತ್ತಿಕೊಳ್ಳಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಎತ್ತಿಕೊಂಡರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಬಹಿರಂಗ ಸಭೆ ನಡೆಸಿ, ಬಳಿಕ ನಿರ್ಣಯ ಅಂಗೀಕರಿಸುತ್ತಾರೆ. ಕೇಳಿದ್ದರಲ್ಲಿ ಒಂದು ಭಾಗವನ್ನಷ್ಟೇ ಸೇರಿಸಿಕೊಳ್ಳಬಹುದು, ಅರ್ಜಿಯಲ್ಲಿಲ್ಲದ ಒಂದು ಅಡಿ ಜಾಗವನ್ನೂ ಸೇರಿಸುವಂತಿಲ್ಲ.

ಹಳೆಯ ಸಾಲದ ವಿಚಾರದಲ್ಲಿ ಕಾನೂನು ನಿಮ್ಮ ಪರವಾಗಿದೆ. ಸೇರ್ಪಡೆಗೆ ಮುಂಚಿನ ಸಾಲಕ್ಕಾಗಿ ಹೊಸ ಪ್ರದೇಶದ ಮೇಲೆ ತೆರಿಗೆ ಹಾಕಬೇಕಾದರೆ ಅರ್ಜಿಯೂ ನಿರ್ಣಯವೂ ಅದನ್ನು ಹೇಳಿರಬೇಕು, ಜೊತೆಗೆ ಅಲ್ಲಿನ ಎಲ್ಲ ಮಾಲೀಕರೂ ಸಹಿ ಹಾಕಿರಬೇಕು. ಶೇ. 60ರ ಬಲದಿಂದ ಅದು ಆಗದು. ಆದ್ದರಿಂದ ‘ಒಬ್ಬರೂ ಬಿಡದಂತೆ ಎಲ್ಲರೂ ಸಹಿ ಮಾಡೋಣ’ ಎಂದು ಯಾರಾದರೂ ಹುರುಪಿನಿಂದ ಬಂದರೆ, ಸಾಲದ ಷರತ್ತು ಇದೆಯೇ ಎಂದು ಅರ್ಜಿಯನ್ನು ಎರಡು ಸಲ ಓದಿ.

ಇನ್ನು ತೆರಿಗೆ. ಡಿಸ್ಟ್ರಿಕ್ಟ್ ವಿಧಿಸಬಹುದಾದ ಸಾಮಾನ್ಯ ಆಸ್ತಿ ತೆರಿಗೆಯ ಗರಿಷ್ಠ ಮಿತಿ ಪ್ರತಿ 1,000 ಡಾಲರ್ ಮೌಲ್ಯಕ್ಕೆ 75 ಸೆಂಟ್. 8 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಹೆಚ್ಚೆಂದರೆ 600 ಡಾಲರ್ ಆಯಿತು. ಈಗ ಎಷ್ಟು ವಿಧಿಸುತ್ತಿದ್ದಾರೆ ಎಂಬುದನ್ನು ಆಸ್ತಿಯ ಮೌಲ್ಯ ನಿರ್ಧರಿಸುವ ಕೌಂಟಿಯ ಅಸೆಸರ್ ಕಚೇರಿಯಲ್ಲಿ ವಿಚಾರಿಸಿ. ಮತದಾರರು ಮುಂದೆ ಸಾಲ ಎತ್ತುವ ಹೊಸ ಬಾಂಡ್‌ಗಳಿಗೆ ಒಪ್ಪಿದರೆ ಅದರ ತೆರಿಗೆ ಬೇರೆ, ಮತ್ತು ಆ ಮತದಾನದಲ್ಲಿ ನಿಮಗೆ ಪಾಲಿರುವುದಿಲ್ಲ.

ತುರ್ತು ಚಿಕಿತ್ಸೆಗಾಗಿ ಸಹಿ ಹಾಕುತ್ತಿದ್ದರೆ ಅದರ ಅಗತ್ಯವಿಲ್ಲ; 1986ರ ಫೆಡರಲ್ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನು ಗಡಿಯಾಚೆಯವರೆಂದು ವಾಪಸು ಕಳಿಸುವಂತಿಲ್ಲ. ನಿಮ್ಮ ಕಡೆಗೊಂದು ಕ್ಲಿನಿಕ್ ಬರುತ್ತದೆಯೇ, ಯಾವಾಗ ಎಂದು ಆ ಬಹಿರಂಗ ಸಭೆಯಲ್ಲೇ ಕೇಳಿ. ತೆರಿಗೆಗೆ ಆಗಸ್ಟ್ 1ರಂದು ಇದ್ದ ಗಡಿಯೇ ಆಧಾರ. ನಿರ್ಣಯ ಅದಕ್ಕೆ ಮುಂಚೆ ಪೂರ್ಣಗೊಂಡರೆ ಮರುವರ್ಷದ ಬಿಲ್ಲಿನಲ್ಲೇ ಕಾಣಿಸಿಕೊಳ್ಳುತ್ತದೆ.