ಪೈಥಾನ್ ಎಇಎಸ್: ‘ಅಕ್ಕಿ’ಗೆ ಎರರ್, ‘ವಿದ್ಯುತ್’ಗೆ ಇಲ್ಲ, ಯಾಕೆ?

ನಮಸ್ಕಾರ. ಮನೆಖರ್ಚಿನ ಲೆಕ್ಕವನ್ನು ಸಾಲು ಸಾಲಾಗಿ ಎಇಎಸ್‌ನಲ್ಲಿ (ಕೀಲಿ ಬಳಸಿ ಡೇಟಾವನ್ನು ಗುಟ್ಟಾಗಿಸೋ ವಿಧಾನ) ಎನ್‌ಕ್ರಿಪ್ಟ್ ಮಾಡಿ ಕ್ಲೌಡ್‌ನಲ್ಲಿ ಇಡ್ತಿದ್ದೀರಿ. ಇಂಗ್ಲಿಷ್ ಸಾಲುಗಳೆಲ್ಲ ಸಲೀಸು. ‘ಅಕ್ಕಿ 1200’ ಅಂದರೆ ಬ್ಲಾಕ್ ಗಡಿಗೆ ಹೊಂದುತ್ತಿಲ್ಲ ಅನ್ನೋ ಎರರ್. ‘ವಿದ್ಯುತ್ 850’ ಮಾತ್ರ ಸುಮ್ಮನೆ ಒಳಗೆ ಹೋಗುತ್ತೆ. ಇದಕ್ಕೆ ಬಳಸೋ ಪೈಥಾನ್ ಲೈಬ್ರರಿ ಪೈಕ್ರಿಪ್ಟೋಡೋಮ್‌ನಲ್ಲೇ ಬಗ್ ಇದೆಯಾ ಅಂತ ಕೇಳಿದ್ದೀರಿ. ಇಲ್ಲ, ಲೈಬ್ರರಿ ಸರಿಯಾಗೇ ಇದೆ.

ಎಇಎಸ್ ಡೇಟಾವನ್ನು ಬ್ಲಾಕ್ ಅನ್ನೋ ತುಂಡುಗಳಲ್ಲಿ ಎನ್‌ಕ್ರಿಪ್ಟ್ ಮಾಡುತ್ತೆ, ಒಂದು ಬ್ಲಾಕ್ 16 ಬೈಟ್. ನಿಮ್ಮ ಕೋಡ್ ಸಾಲಿನ ಉದ್ದ 16ರ ಗುಣಕ ಆಗೋವರೆಗೆ ಸ್ಪೇಸ್ ತುಂಬಿ, ಆಮೇಲೆ ಯುಟಿಎಫ್-8ಗೆ ಎನ್‌ಕೋಡ್ ಮಾಡುತ್ತೆ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬದಲಿಸುತ್ತೆ. ಈ ಕ್ರಮವೇ ತಿರುಗುಮುರುಗು. ಸ್ಟ್ರಿಂಗ್‌ನ ಉದ್ದ ಕೇಳಿದರೆ ಪೈಥಾನ್ ಎಣಿಸೋದು ಬೈಟ್‌ಗಳನ್ನಲ್ಲ, ಯೂನಿಕೋಡ್ ಚಿಹ್ನೆಗಳನ್ನು. ‘ಅಕ್ಕಿ’ಯಲ್ಲಿ ಅ, ಕ, ಹಲಂತ, ಇನ್ನೊಂದು ಕ, ಗುಡಿಸು ಸೇರಿ ಐದು ಚಿಹ್ನೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಹಾಗಾಗಿ ‘ಅಕ್ಕಿ 1200’ಕ್ಕೆ ಸ್ಪೇಸ್ ತುಂಬಿ 16 ಮಾಡಿದರೂ ಎನ್‌ಕೋಡ್ ಆದಾಗ 26 ಬೈಟ್ ಆಗಿರುತ್ತೆ. ‘ವಿದ್ಯುತ್’ನಲ್ಲಿ ಎಂಟು ಚಿಹ್ನೆ ಇವೆ. ಪ್ರತಿ ಚಿಹ್ನೆಗೂ ಎರಡು ಬೈಟ್ ಹೆಚ್ಚಾದರೆ ಒಟ್ಟು ಸರಿಯಾಗಿ 16 ಹೆಚ್ಚಾಯಿತು, 32ಕ್ಕೆ ಬಂದು ನಿಂತಿತು. ಕನ್ನಡ ಚಿಹ್ನೆಗಳ ಸಂಖ್ಯೆ ಎಂಟರ ಗುಣಕವಾಗಿದ್ದ ಸಾಲು ಮಾತ್ರ ನಿಮ್ಮ ಕೋಡ್‌ನಲ್ಲಿ ಪಾರಾಗುತ್ತೆ. ನಮ್ಮ ಭಾಷೆಯಲ್ಲಿ ಡೇಟಾ ಇಡೋರು ಮೊದಲು ಎನ್‌ಕೋಡ್, ಆಮೇಲೆ ಮಿಕ್ಕದ್ದು ಅನ್ನೋದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು.

ಕ್ರಮ ಬದಲಿಸಿ, ಬ್ಲಾಕ್ ಗಡಿಯವರೆಗೆ ತುಂಬಿಸೋ ಲೈಬ್ರರಿಯದ್ದೇ ಪ್ಯಾಡ್ ಫಂಕ್ಷನ್ ಬಳಸಿದರೆ ಎರರ್ ಹೋಗುತ್ತೆ. ಆದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ, ಯಾಕೆಂದರೆ ಕೋಡ್ ಇಸಿಬಿ ಮೋಡ್‌ನಲ್ಲಿದೆ, ಅಂದರೆ ಪ್ರತಿ ಬ್ಲಾಕ್ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಆಗುತ್ತೆ. ಅದರಲ್ಲಿ ಒಂದೇ ಕೀಲಿಗೆ ಒಂದೇ ಬ್ಲಾಕ್ ಕೊಟ್ಟಾಗೆಲ್ಲ ಅದೇ ಉತ್ತರ ಬರುತ್ತೆ. ನೀವು ಇಂಗ್ಲಿಷ್‌ನಲ್ಲಿ ಬರೆದಿರೋ ಬಾಡಿಗೆಯ ಸಾಲು ಪ್ರತಿ ತಿಂಗಳೂ ಒಂದೇ ರೂಪದಲ್ಲಿ ಕಾಣಿಸುತ್ತೆ. ಬಾಡಿಗೆ ಏರಿದ ತಿಂಗಳು ಯಾವುದು ಅಂತ ಕೀಲಿ ಇಲ್ಲದವರಿಗೂ ಗೊತ್ತಾಗುತ್ತೆ. ಯಾರಾದರೂ ಬ್ಲಾಕ್‌ಗಳನ್ನು ಅದಲುಬದಲು ಮಾಡಿದರೂ ಡಿಕ್ರಿಪ್ಟ್ ಆಗುವಾಗ ನಿಮಗೆ ತಿಳಿಯೋದಿಲ್ಲ.

ಜಿಸಿಎಂ ಮೋಡ್‌ಗೆ ಹೋಗಿ. ಪ್ಯಾಡಿಂಗ್ ತಲೆನೋವೇ ಇಲ್ಲ, ಎಷ್ಟು ಬೈಟ್ ಕೊಟ್ಟರೂ ಅಷ್ಟೇ ಬೈಟ್ ಹಿಂದಿರುಗುತ್ತೆ. ಜೊತೆಗೆ ಡೇಟಾ ಬದಲಾಗಿಲ್ಲ ಅಂತ ಪರೀಕ್ಷಿಸೋಕೆ 16 ಬೈಟ್‌ನ ಟ್ಯಾಗ್ ಸಿಗುತ್ತೆ. ಓದುವಾಗ ಡಿಕ್ರಿಪ್ಟ್_ಆಂಡ್_ವೆರಿಫೈ ಕರೆದರೆ ಫೈಲ್‌ನಲ್ಲಿ ಒಂದು ಬಿಟ್ ಬದಲಾಗಿದ್ದರೂ ವ್ಯಾಲ್ಯೂಎರರ್ ಬರುತ್ತೆ. ಆ ಎರರನ್ನು ಟ್ರೈ-ಎಕ್ಸೆಪ್ಟ್ ಹಾಕಿ ನುಂಗಬೇಡಿ, ಅದು ಬರಲೆಂದೇ ಈ ಮೋಡ್ ಬಳಸೋದು. ಸಾಲು ಸಾಲಾಗಿ ಮಾಡೋದನ್ನೂ ಬಿಡಿ, ಇಡೀ ಫೈಲ್ ಒಟ್ಟಿಗೆ ಎನ್‌ಕ್ರಿಪ್ಟ್ ಮಾಡಿ. ಮನೆ ಲೆಕ್ಕ ಎಷ್ಟು ವರ್ಷದ್ದಾದರೂ ಮೆಮೊರಿಗೆ ಭಾರವಲ್ಲ.

ಈಗ ಕೀಲಿ. ಪಾಸ್‌ವರ್ಡ್‌ಗೆ ಸೊನ್ನೆ ಸೇರಿಸಿ 16 ಅಕ್ಷರ ಮಾಡಿದ್ದೀರಿ. ಹಾಗೆ ಮಾಡಿದರೆ ಎಇಎಸ್ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ, ಊಹಿಸಬೇಕಾದ್ದು ನಿಮ್ಮ ಪಾಸ್‌ವರ್ಡ್ ಒಂದನ್ನೇ. ಅದೇ ಲೈಬ್ರರಿಯಲ್ಲಿ ಪಾಸ್‌ವರ್ಡ್‌ನಿಂದ ಗಟ್ಟಿ ಕೀಲಿ ತಯಾರಿಸೋ ಎಸ್‌ಕ್ರಿಪ್ಟ್ ಇದೆ. ಪಾಸ್‌ವರ್ಡ್, 16 ಬೈಟ್‌ನ ರ‍್ಯಾಂಡಮ್ ಸಾಲ್ಟ್ (ಒಂದೇ ಪಾಸ್‌ವರ್ಡ್‌ನಿಂದಲೂ ಬೇರೆ ಬೇರೆ ಕೀಲಿ ಬರಲೆಂದು ಸೇರಿಸೋ ಬೈಟ್‌ಗಳು) ಕೊಟ್ಟು 32 ಬೈಟ್‌ನ ಕೀಲಿ ಕೇಳಿ. ಅದು ಎಷ್ಟು ಕೆಲಸ, ಎಷ್ಟು ಮೆಮೊರಿ ಬಳಸಬೇಕು ಅನ್ನೋ ಸೆಟ್ಟಿಂಗ್‌ಗಳಲ್ಲಿ ಎನ್ ಬೆಲೆ 2ರ ಘಾತ 17, ಆರ್ 8, ಪಿ 1 ಇರಲಿ. ಇದಕ್ಕೆ ಸುಮಾರು 128 ಎಂಬಿ ಮೆಮೊರಿ ಬೇಕು. ಘಾತ 20ಕ್ಕೆ ಏರಿಸಿದರೆ 1 ಜಿಬಿ ಬೇಕಾಗುತ್ತೆ, ಹಳೆಯ ರಾಸ್ಪ್‌ಬೆರಿ ಪೈ ಅಷ್ಟು ಕೊಡಲಾರದು.

ಸೇವ್ ಮಾಡುವಾಗಲೆಲ್ಲ ಹೊಸ ಸಾಲ್ಟ್, 12 ಬೈಟ್‌ನ ಹೊಸ ನಾನ್ಸ್ (ಒಂದೇ ಸಲ ಬಳಸೋ ಬೆಲೆ) ತೆಗೆದುಕೊಳ್ಳಿ, ಎರಡನ್ನೂ ಗೆಟ್_ರ‍್ಯಾಂಡಮ್_ಬೈಟ್ಸ್‌ನಿಂದ. ಜಿಸಿಎಂನಲ್ಲಿ ಒಂದೇ ಕೀಲಿಯ ಜೊತೆ ಒಂದೇ ನಾನ್ಸ್ ಎರಡು ಸಲ ಬಂದರೆ ಗುಟ್ಟೂ ಹೋಯಿತು, ಟ್ಯಾಗ್‌ನ ಭರವಸೆಯೂ ಹೋಯಿತು. ಎಲ್ಲಾದರೂ ನೋಡಿದ ಉದಾಹರಣೆಯಲ್ಲಿ ನಾನ್ಸ್ ಅನ್ನು ಕೋಡ್‌ನಲ್ಲೇ ಬರೆದಿಟ್ಟಿದ್ದರೆ ಅದನ್ನು ನಕಲು ಮಾಡಬೇಡಿ. ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆದು ಸಾಲ್ಟ್, ನಾನ್ಸ್, ಟ್ಯಾಗ್, ಆಮೇಲೆ ಎನ್‌ಕ್ರಿಪ್ಟ್ ಆದ ಡೇಟಾ, ಇದೇ ಕ್ರಮದಲ್ಲಿ ಬರೆಯಿರಿ. ಮೊದಲ ಮೂರು ಸೇರಿ 44 ಬೈಟ್, ಅವು ಗುಟ್ಟಾಗಿರಬೇಕಿಲ್ಲ. ಓದುವಾಗ ಅದೇ ಅಳತೆಗೆ ಕತ್ತರಿಸಿ. ಎನ್‌ಕ್ರಿಪ್ಟ್ ಮಾಡಿದ ಆಬ್ಜೆಕ್ಟ್‌ನಿಂದಲೇ ಡಿಕ್ರಿಪ್ಟ್ ಮಾಡೋಕೆ ಹೋದರೆ ಟೈಪ್‌ಎರರ್ ಬರುತ್ತೆ. ಪ್ರತಿ ಸಲ ಹೊಸದು ಮಾಡಿಕೊಳ್ಳಿ.

ಈ ಚರ್ಚೆಯಲ್ಲಿ ಮೇಲೆ ಒಬ್ಬರು ಎಇಎಸ್ ಬದಲು ಬ್ಲೋಫಿಶ್ ಅನ್ನೋ ಸೈಫರ್ (ಎನ್‌ಕ್ರಿಪ್ಟ್ ಮಾಡೋ ವಿಧಾನ) ಬಳಸಿ ಅಂದಿದ್ದಾರೆ. 1993ರ ಆ ಸೈಫರ್‌ನ ಬ್ಲಾಕ್ 8 ಬೈಟ್ ಮಾತ್ರ. ಒಂದೇ ಕೀಲಿಯಲ್ಲಿ ಭಾರೀ ಡೇಟಾ ಎನ್‌ಕ್ರಿಪ್ಟ್ ಮಾಡಿದರೆ ಅಷ್ಟು ಚಿಕ್ಕ ಬ್ಲಾಕ್‌ನಿಂದ ಆಗೋ ಅಪಾಯವನ್ನು 2016ರಲ್ಲಿ ಸ್ವೀಟ್32 ದಾಳಿ ತೋರಿಸಿಕೊಟ್ಟಿದೆ. ನಿಮ್ಮ ಫೈಲ್ ಅಷ್ಟು ದೊಡ್ಡದಲ್ಲ, ನಿಜ. ಆದರೂ ಹೊಸದಾಗಿ ಬರೆಯೋ ಕೋಡ್‌ಗೆ ಅದನ್ನು ಆರಿಸೋಕೆ ನನಗೆ ಕಾರಣ ಕಾಣಿಸ್ತಿಲ್ಲ.

ಪೈಕ್ರಿಪ್ಟೋಡೋಮ್‌ಗಿಂತ ಹಿಂದಿನ ಲೈಬ್ರರಿ ಪೈಕ್ರಿಪ್ಟೊ ಇನ್ನೂ ಇದ್ದರೆ ಮೊದಲು ಅನ್‌ಇನ್‌ಸ್ಟಾಲ್ ಮಾಡಿ. ಅದರ ಕೊನೆಯ ಆವೃತ್ತಿ 2013ರದ್ದು, ಮೇಲಾಗಿ ಎರಡೂ ಒಂದೇ ಫೋಲ್ಡರ್ ಹೆಸರಲ್ಲಿ ಕೂರುತ್ತವೆ, ಒಂದನ್ನೊಂದು ಕೆಡಿಸುತ್ತವೆ. ಆಮೇಲೆ ಹಳೆಯ ಸ್ಕ್ರಿಪ್ಟ್‌ನಿಂದಲೇ ಲೆಕ್ಕವನ್ನೆಲ್ಲ ಬಿಡಿಸಿ, ಸಾಲುಗಳ ಕೊನೆಯ ಸ್ಪೇಸ್ ತೆಗೆದು, ಹೊಸ ರೀತಿಯಲ್ಲಿ ಬರೆಯಿರಿ. ಹೊಸ ಫೈಲ್ ತೆರೆದು ಅಕ್ಷರಕ್ಕೆ ಅಕ್ಷರ ಹೊಂದುತ್ತೆ ಅಂತ ನೋಡಿದ ಮೇಲಷ್ಟೇ ಹಳೆಯದನ್ನು ಅಳಿಸಿ. ಕ್ಲೌಡ್‌ನಲ್ಲಿ ಫೈಲ್‌ನ ಹಿಂದಿನ ಆವೃತ್ತಿಗಳೂ ಉಳಿದಿರಬಹುದು, ಅವನ್ನೂ ಹುಡುಕಿ ತೆಗೆಯಿರಿ. ಓದುವ ಭಾಗದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರರ್‌ನ ಪೂರ್ತಿ ಪಠ್ಯ ಇಲ್ಲೇ ಹಾಕಿ, ಪಾಸ್‌ವರ್ಡ್ ತೆಗೆದು.